ಕಮಲತೆ ಸತ್ತ ಮೇಲೆ ಅಲ್ಲಮ

ಒತ್ತಡ ಜಾಸ್ತಿಯಾದರೆ ಧ್ಯಾನ ಮಾಡಿ ಅನ್ನೋ ಸಲಹೆ ನಮ್ಮ ತಲೆಮಾರಿಗೆ ಹೊಸದಲ್ಲ. ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗ ಕಂಪನಿಯವರೇ ನಮ್ಮನ್ನು ಕೂರಿಸಿ ಹೇಳಿಕೊಡ್ತಿದ್ದರು. ಬುದ್ಧನ ದಾರಿಯಿಂದ ಎತ್ತಿಕೊಂಡ ಪಾಠ ಅದು: ಉಸಿರನ್ನು ಗಮನಿಸು, ಸಿಟ್ಟು ಬಂದರೆ ಬಂತು ಅಂತ ನೋಡು, ಅದರ ಬೆನ್ನು ಹತ್ತಬೇಡ. ಪಾಠದಲ್ಲಿ ತಪ್ಪಿರಲಿಲ್ಲ. ಅದು ಮುಗಿದ ಮೇಲೂ ರಾತ್ರಿ ಹನ್ನೊಂದರ ತನಕ ಕೆಲಸ ಇರ್ತಿತ್ತು, ಅಷ್ಟೇ.

ಇದೆಲ್ಲ ಮತ್ತೆ ನೆನಪಾಗಿದ್ದು ಸೊರಬದ ಹೊಸಬಾಳೆಗೆ ಗೆಳೆಯನ ಮನೆಗೆ ಹೋದಾಗ. ಅಲ್ಲಿಂದ ಬೈಕಿನಲ್ಲಿ ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವಿಗೆ ಹೋಗಿದ್ವಿ. ಅಲ್ಲಮಪ್ರಭುವಿನ ಊರು.

12ನೇ ಶತಮಾನದ ಬಳ್ಳಿಗಾವಿ ಇವತ್ತಿನ ಹಳ್ಳಿಯಂಥದ್ದಲ್ಲ, ದೊಡ್ಡ ಪಟ್ಟಣ. ಅಲ್ಲಮನಿಗಿಂತ ಸುಮಾರು ನೂರು ವರ್ಷ ಮುಂಚೆ, 1065ರಲ್ಲಿ, ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ಅಲ್ಲಿ ಬುದ್ಧನ ಜೊತೆ ತಾರಾ ಭಗವತಿಗೂ ಪೂಜೆ ನಡೀತಿತ್ತು. ಕೋಡಿಯ ಮಠದ 1162ರ ಶಾಸನ ಇನ್ನೂ ಚೆಂದ. ಅದು ಶೈವರ ಮಠ, ಆದರೆ ಅಲ್ಲಿ ಪಾತಂಜಲ ಯೋಗವನ್ನೂ ಓದಿಸ್ತಿದ್ದರು, ಬೌದ್ಧ ದರ್ಶನವನ್ನೂ ಓದಿಸ್ತಿದ್ದರು. ಅನಾಥರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗ್ತಿತ್ತು. ಅಲ್ಲಮ ಬೌದ್ಧ ಅಂತ ನಾನು ಹೇಳ್ತಿಲ್ಲ. ನಾಗಾರ್ಜುನನ ಶೂನ್ಯಕ್ಕೂ ಅಲ್ಲಮನ ಬಯಲಿಗೂ ಏನು ನಂಟು ಅನ್ನೋದು ವಿದ್ವಾಂಸರು ಬಹಳ ಕಾಲದಿಂದ ಎಳೆದಾಡಿರುವ ಚರ್ಚೆ. ಮನಸ್ಸನ್ನು ಏನು ಮಾಡಬೇಕು ಅನ್ನೋ ಪ್ರಶ್ನೆ ಈ ಊರಿನ ಗಾಳಿಯಲ್ಲೇ ಇತ್ತು ಅನ್ನೋದಷ್ಟೇ ನನ್ನ ಮಾತು.

ಅಲ್ಲಮನ ಬದುಕನ್ನು ಮೊದಲು ಕತೆಯಾಗಿ ಹೇಳಿದವನು ಹರಿಹರ. ಅವನ ರಗಳೆಯ ಅಲ್ಲಮ ಮದ್ದಳೆ ಬಾರಿಸುವ ಹುಡುಗ. ಕಮಲತೆ ಅನ್ನುವವಳನ್ನು ಪ್ರೀತಿಸ್ತಾನೆ, ಮದುವೆಯಾಗ್ತಾನೆ, ಲೋಕ ಮರೀತಾನೆ. ಕೆಲವೇ ದಿನಕ್ಕೆ ಅವಳು ಜ್ವರ ಬಂದು ಸಾಯ್ತಾಳೆ. ಅಲ್ಲಮನಿಗೆ ಹುಚ್ಚು ಹಿಡಿದಂತಾಗುತ್ತೆ. ಅವಳ ಹೆಸರು ಕೂಗ್ತಾ ಅಲೀತಾನೆ. ಒಂದು ದಿನ ತೋಪಿನಲ್ಲಿ ಕೂತು ಸುಮ್ಮನೆ ಕಾಲುಗುರಿನಿಂದ ನೆಲ ಕೆರೀತಿದ್ದಾಗ ಹೊಳೆಯುವ ಕಳಶವೊಂದರ ತುದಿ ಕಾಣುತ್ತೆ. ಅಗೆಸಿದರೆ ಕೆಳಗೊಂದು ಗುಡಿ. ಬಾಗಿಲು ಒದ್ದು ಒಳಗೆ ಹೋದರೆ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕೂತ ಅನಿಮಿಷ, ಅಂದರೆ ರೆಪ್ಪೆ ಬಡಿಯದವನು. ಉಪದೇಶ ಇಲ್ಲ, ವಿಧಾನ ಇಲ್ಲ. ಆ ಲಿಂಗ ಅಲ್ಲಮನ ಕೈಗೆ ಬರುತ್ತೆ, ಗುರುವಿನ ಉಸಿರು ನಿಲ್ಲುತ್ತೆ.

ನನಗೆ ಇಲ್ಲಿ ಮುಖ್ಯ ಅನಿಸೋದು ಆ ಕಾಲುಗುರು. ಅಲ್ಲಮ ಶಾಂತಿ ಹುಡುಕಿಕೊಂಡು ಹೊರಟವನಲ್ಲ, ದುಃಖದಿಂದ ಕೈಕಾಲು ಎಲ್ಲಿವೆ ಅಂತಲೂ ಗೊತ್ತಿಲ್ಲದೆ ಕೂತವನು. ಅಗೆದದ್ದು ದುಃಖವೇ.

15ನೇ ಶತಮಾನದ ಚಾಮರಸನಿಗೆ ಇದು ಮುಜುಗರ ಅನ್ನಿಸಿರಬೇಕು. ಅವನ ಪ್ರಭುಲಿಂಗಲೀಲೆಯಲ್ಲಿ ಕಮಲತೆಯೇ ಇಲ್ಲ. ಬನವಾಸಿಯ ರಾಜಕುಮಾರಿ ಮಾಯೆ ಅಲ್ಲಮನ ಹಿಂದೆ ಬೀಳ್ತಾಳೆ, ಇವನು ಮದ್ದಳೆ ಬಾರಿಸ್ತಾ ಅಲುಗದೇ ನಿಲ್ತಾನೆ. ಕಾವ್ಯ ದೊಡ್ಡದು, ಒಪ್ಪೋಣ. ಆದರೆ ಒಬ್ಬ ಮನುಷ್ಯನ ಗಾಯ ಅಳಿಸಿ, ಆ ಜಾಗದಲ್ಲಿ ಹೆಣ್ಣೊಬ್ಬಳನ್ನು ಮಾಯೆ ಮಾಡಿದ್ದು ನನಗೆ ಇಷ್ಟವಾಗಲ್ಲ. ನಾವು ಇವತ್ತು ಕೊಂಡುಕೊಳ್ಳೋ ಧ್ಯಾನವೂ ಈ ಚಾಮರಸನ ಅಲ್ಲಮನನ್ನೇ ಮಾರುತ್ತೆ: ಏನೂ ತಾಕದವನು.

ಹಾಗಂತ ಪರಂಪರೆ ಗಟ್ಟಿತನವನ್ನು ಸುಮ್ಮನೆ ಪೂಜಿಸಿಲ್ಲ. ಗೋರಕ್ಷನ ಕತೆ ನೋಡಿ. ಯೋಗ ಸಾಧಿಸಿ ದೇಹವನ್ನು ವಜ್ರ ಮಾಡಿಕೊಂಡವನು. ಕತ್ತಿಯಿಂದ ಹೊಡೆದರೆ ಖಣ್ ಅಂತ ಸದ್ದು, ಗಾಯ ಇಲ್ಲ. ಆ ಸದ್ದೇ ಸಾಕು ನೀನು ಇನ್ನೂ ಇದ್ದೀಯ ಅನ್ನೋದಕ್ಕೆ ಅನ್ನುವುದು ಅಲ್ಲಮನ ವಾದ. ತನ್ನ ಮೇಲೆ ಬೀಸು ಅಂತಾನೆ. ಕತ್ತಿ ಗಾಳಿಯಲ್ಲಿ ಹಾದಂತೆ ಹಾದುಹೋಗುತ್ತೆ. ಸಹಿಸು, ಇನ್ನಷ್ಟು ಗಟ್ಟಿಯಾಗು ಅಂತ ಉದ್ಯೋಗಿಗೂ ಹೋರಾಟಗಾರನಿಗೂ ಒಂದೇ ಸಮ ಹೇಳುವ ಕಾಲದಲ್ಲಿ ಈ ಕತೆ ಓದಬೇಕು. ಗೋರಕ್ಷ ದುರ್ಬಲನಲ್ಲ, ಅವನು ಬರೀ ತನ್ನನ್ನು ಕಾಯ್ತಾ ಕೂತವನು.

ಮುಂದಿನದು ಬಹುಪಾಲು ಗೊತ್ತಿರೋದೇ. ಊರೂರು ಅಲೆದು, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸ್ತಿದ್ದ ಸಿದ್ಧರಾಮನನ್ನು ಬೇಕಂತಲೇ ಕೆಣಕಿ ಸಿಟ್ಟು ಬರಿಸಿ, ಕೊನೆಗೆ ಅವನನ್ನೂ ಕರೆದುಕೊಂಡು ಕಲ್ಯಾಣಕ್ಕೆ ಬರ್ತಾನೆ. ಬಸವಣ್ಣನ ಜೊತೆಗಾರರು, ಮಡಿವಾಳರು, ಅಂಬಿಗರು, ಸಮಗಾರರು ಸೇರಿದ್ದ ಕೂಟದಲ್ಲಿ ಶೂನ್ಯಪೀಠ ಏರ್ತಾನೆ. ಧ್ಯಾನಕ್ಕೆ ಕೂತವನು ಗುಹೆಗೆ ಹೋಗಲಿಲ್ಲ, ಆ ಕಾಲದ ಅತ್ಯಂತ ಗಲಾಟೆಯ ಸಭೆಯ ನಡುವೆ ಕೂತ. ಇದನ್ನು ಯಾಕೋ ನಾವು ಮರೆತೇ ಅಲ್ಲಮನನ್ನು ಅನುಭಾವಿ ಅಂತ ಪಕ್ಕಕ್ಕಿಡ್ತೀವಿ.

ಕಲ್ಯಾಣಕ್ಕೂ ಮುಂಚಿನ ಒಂದು ಭೇಟಿ ಶೂನ್ಯಸಂಪಾದನೆಯಲ್ಲಿದೆ. ಅಣ್ಣ ಅಜಗಣ್ಣ ಸತ್ತು ಮುಕ್ತಾಯಕ್ಕ ಅಳ್ತಿದ್ದಾಳೆ. ಅವಳಿಗೆ ಅಣ್ಣನೇ ಗುರು ಕೂಡ. ಅಲ್ಲಮ ಹೋಗಿ ಎದುರಿಗೆ ನಿಲ್ತಾನೆ. ಅವಳು ತಕ್ಷಣ ಸಮಾಧಾನ ಆಗಲ್ಲ. ಮಾತು ಮೀರಿದವನು ಇಷ್ಟೊಂದು ಮಾತಾಡ್ತಾನಾ ಅಂತ ಅವನನ್ನೇ ತಿರುಗಿ ಕೆಣಕ್ತಾಳೆ. ಅವನು ಎದ್ದು ಹೋಗಲ್ಲ. ಅವಳ ಒಂದೊಂದು ಪ್ರಶ್ನೆಗೂ ಉತ್ತರ ಕೊಡ್ತಾ ಹೋಗ್ತಾನೆ, ಮಾತು ಬಹಳ ಹೊತ್ತು ನಡೆಯುತ್ತೆ. ಅಲ್ಲೆಲ್ಲೂ ಕಮಲತೆಯ ಹೆಸರು ಬರಲ್ಲ.