ಸವಾಯಿ ಗಂಧರ್ವ: ಕಂಠಗಳನ್ನು ಕಟ್ಟಿದ ಗುರು

ಡಿಸೆಂಬರ್ ತಿಂಗಳು ಬಂತೆಂದರೆ ಪುಣೆಯ ಸಂಗೀತಪ್ರಿಯರ ಬಾಯಲ್ಲಿ ‘ಸವಾಯಿ’ಯದೇ ಮಾತು. ದೇಹೂ ರೋಡಿನಲ್ಲಿ ನೆಲೆ ನಿಂತ ನಮ್ಮ ಕನ್ನಡ ಕುಟುಂಬಗಳೂ ಲೋಕಲ್ ಗಾಡಿ ಹಿಡಿದು ಆ ಮಹೋತ್ಸವಕ್ಕೆ ಹೋಗಿ ಬರುವುದುಂಟು. ಆದರೆ ಆ ಹೆಸರು ಹೊತ್ತ ಮಹನೀಯರು ಧಾರವಾಡ ಸೀಮೆಯ ಕುಂದಗೋಳದವರೆಂಬುದು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ಆದ್ದರಿಂದ ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ಸ್ಮರಿಸುತ್ತಿದ್ದೇವೆ.

ರಾಮಚಂದ್ರ ಗಣೇಶ ಕುಂದಗೋಳಕರ ಅವರು ಜನಿಸಿದ್ದು 1886ರ ಜನವರಿ 19ರಂದು. ಆಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾಯರು ಅಲ್ಲಿನ ನಾಡಿಗೇರ ಮನೆತನದಲ್ಲಿ ಗುಮಾಸ್ತರಾಗಿದ್ದರು. ಬಾಲಕ ರಾಮಭಾವು ಶಾಲೆಯ ಪಾಠಕ್ಕಿಂತ ಹಾಡಿಗೇ ಹೆಚ್ಚು ಒಲಿದರು. ಬಳವಂತರಾವ್ ಕೊಲ್ಹಟಕರರಲ್ಲಿ ಧ್ರುಪದದ ಮೊದಲ ಪಾಠಗಳಾದವು. ಮುಂದೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಗಾನ ಕೇಳಿದ ಮೇಲೆ ಅವರಲ್ಲಿಯೇ ಕಲಿಯಬೇಕೆಂಬ ಹಂಬಲ ಹುಟ್ಟಿತು. ಎಂಟು ವರ್ಷ ಹುಡುಗ ತಮ್ಮಲ್ಲಿಯೇ ಇರಬೇಕೆಂಬುದು ಖಾನಸಾಹೇಬರ ಷರತ್ತು. ಮಗನನ್ನು ನೌಕರಿಗೆ ಹಚ್ಚುವುದೇ ಬದುಕಿನ ಭದ್ರತೆಯೆಂದು ಎಲ್ಲರೂ ನಂಬಿದ್ದ ಆ ಕಾಲದಲ್ಲಿ ಒಬ್ಬ ಗುಮಾಸ್ತರು ಇದಕ್ಕೆ ಒಪ್ಪಿದ್ದು ಸಾಮಾನ್ಯ ಸಂಗತಿಯಲ್ಲ. ಬ್ಯಾಂಕಿನ ನೌಕರಿಯಲ್ಲಿಯೇ ಆಯುಷ್ಯ ಸವೆಸಿದ ನಮ್ಮಂಥವರಿಗೆ ಆ ತಂದೆಯ ಧೈರ್ಯ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದರೆ ವಿದ್ಯೆ ಸುಲಭವಾಗಿ ಕೈಗೂಡಲಿಲ್ಲ. ಹರೆಯದಲ್ಲಿ ಅವರ ಕಂಠ ಒಡೆದು ಗಡುಸಾಯಿತು. ಗುರುಗಳದಾದರೋ ತಂತಿಯ ಮೀಟಿನಂತೆ ಎಳೆಎಳೆಯಾಗಿ ಹರಿಯುವ ಧ್ವನಿ. ಶಿಷ್ಯರು ಎದೆಗುಂದದೆ ಕೆಲವೇ ರಾಗಗಳನ್ನು ಹಿಡಿದು, ಒಂದೊಂದು ಸ್ವರವನ್ನೂ ತಿದ್ದಿ ತೀಡುತ್ತ, ದೀರ್ಘ ರಿಯಾಜಿನಿಂದ ತಮ್ಮ ಕಂಠವನ್ನು ಮರಳಿ ಪಡೆದರು. ದೊಡ್ಡ ಗಾಯಕರಾದ ಮೇಲೂ ಅವರ ಧ್ವನಿ ಕಾವೇರಲು ಕೊಂಚ ಹೊತ್ತು ಬೇಕಾಗುತ್ತಿತ್ತು. ಒಮ್ಮೆ ಏರಿತೆಂದರೆ ಸಭೆ ಮೈಮರೆಯುತ್ತಿತ್ತು.

ಬಳಿಕ ಅವರು ಗುರುಗಳ ಮನಸ್ಸಿಗೆ ವಿರುದ್ಧವಾಗಿ ಮರಾಠಿ ಸಂಗೀತ ನಾಟಕ ಮಂಡಳಿ ಸೇರಿದರು. ‘ಸೌಭದ್ರ’ದ ಸುಭದ್ರೆಯಂಥ ಸ್ತ್ರೀಪಾತ್ರಗಳಿಂದ ಹೆಸರಾದರು. ಅದು ಬಾಲಗಂಧರ್ವರು ರಂಗಭೂಮಿಯನ್ನು ಆಳುತ್ತಿದ್ದ ಕಾಲ. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಇವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದಿತ್ತರು. ಸವಾಯಿ ಎಂದರೆ ಒಂದೂಕಾಲು; ಗಂಧರ್ವನಿಗಿಂತ ಕಾಲುಭಾಗ ಮಿಗಿಲು ಎಂದರ್ಥ. ನಾಟಕದ ವೈಭವ ಇಳಿದ ಮೇಲೆ ಅವರು ಮತ್ತೆ ಬೈಠಕ್ಕುಗಳಿಗೆ ಮರಳಿ ಖಯಾಲ್ ಗಾಯಕರಾಗಿ ನಾಡಿನಾದ್ಯಂತ ಮನ್ನಣೆ ಪಡೆದರು.

ಆದರೆ ನಮ್ಮ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಫಲವತ್ತಾದ ಅಧ್ಯಾಯ ಕುಂದಗೋಳದಲ್ಲಿ ಗುರುವಾಗಿ ಕಳೆದ ವರ್ಷಗಳೇ. ಕಂಠ ಕೈಕೊಟ್ಟಾಗಿನ ಸಂಕಟವನ್ನು ಸ್ವತಃ ಅನುಭವಿಸಿದವರಾದ್ದರಿಂದ ಶಿಷ್ಯರ ಕಂಠಗಳನ್ನು ಕಟ್ಟುವ ಬಗೆ ಅವರಿಗೆ ತಿಳಿದಿತ್ತು. ಗುರುವನ್ನರಸಿ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದ ಗದುಗಿನ ಹುಡುಗ ಭೀಮಸೇನ ಜೋಶಿಯವರು 1936ರ ಸುಮಾರಿಗೆ ಅವರ ಬಳಿ ಬಂದರು. ಮೊದಲು ಕೊಡ ಹೊತ್ತು ನೀರು ತರುವಂಥ ಮನೆಗೆಲಸ, ಅನಂತರ ಪಾಠ. ತೋಡಿ, ಮುಲ್ತಾನಿ, ಪೂರಿಯಾಗಳಂಥ ಬೆರಳೆಣಿಕೆಯ ರಾಗಗಳನ್ನೇ ಮತ್ತೆ ಮತ್ತೆ ಹಾಡಿಸಿ ಗುರುಗಳು ಬುನಾದಿ ಹಾಕಿದರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದರು. ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರೂ, ಬಸವರಾಜ ರಾಜಗುರುಗಳೂ ಅವರಲ್ಲಿ ಕಲಿತವರೇ. ಮೇಘದಂತೆ ಗುಡುಗುವ ಭೀಮಸೇನರ ಧ್ವನಿ, ಗಂಡುದನಿಯಂತೆ ಗಂಭೀರವಾದ ಗಂಗೂಬಾಯಿಯವರ ಧ್ವನಿ, ದಸ್ತೂರರ ಮೃದುಮಧುರ ಧ್ವನಿ — ಒಂದು ಇನ್ನೊಂದರಂತಿಲ್ಲ. ಯಾರ ಕಂಠವನ್ನೂ ತಮ್ಮದರ ನಕಲಾಗಿಸದೆ, ಅವರವರ ಗುಣಕ್ಕೆ ತಕ್ಕಂತೆ ಅರಳಿಸಿದ್ದೇ ಅವರ ಗುರುತ್ವದ ಹಿರಿಮೆ.

1942ರಲ್ಲಿ ಪಾರ್ಶ್ವವಾಯು ಬಡಿಯಿತು. ಅಷ್ಟು ಶ್ರಮದಿಂದ ಗಳಿಸಿದ ಕಂಠ ಸಭೆಗಳಿಂದ ದೂರವಾಯಿತು. 1946ರಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿಯ ಸಮಾರಂಭ ನಡೆದಾಗ ಗುರುಗಳ ಎದುರಿನಲ್ಲಿ ತರುಣ ಭೀಮಸೇನರು ಹಾಡಿದರು. ಪುಣೆಯ ರಸಿಕರು ಅವರನ್ನು ಗುರುತಿಸಿದ್ದು ಅಂದಿನಿಂದ. ತಾವು ಹಾಡಲಾರದ ಗುರುವಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಯಾವುದಿದ್ದೀತು? 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿಯೇ ಕೊನೆಯುಸಿರೆಳೆದರು.

ಮರುವರ್ಷವೇ, 1953ರಲ್ಲಿ, ಅವರ ಪುಣ್ಯಸ್ಮರಣೆಯ ಸಂಗೀತ ಮಹೋತ್ಸವ ಆರಂಭವಾಯಿತು. ಭೀಮಸೇನರು ದಶಕಗಳ ಕಾಲ ಅದನ್ನು ಹೆಗಲ ಮೇಲೆ ಹೊತ್ತು ನಡೆಸಿದರು. 2011ರಲ್ಲಿ ಅವರು ಅಗಲಿದ ಮೇಲೆ ಗುರುವಿನ ಹೆಸರಿನೊಡನೆ ಶಿಷ್ಯನ ಹೆಸರೂ ಸೇರಿ ಅದು ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’ವಾಯಿತು. ಕುಂದಗೋಳದಲ್ಲಿಯೂ ಅವರ ಸ್ಮರಣೆಯ ಸಂಗೀತೋತ್ಸವ ನಡೆದುಬಂದಿದೆ. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಸಭಾಭವನವಿದೆ.

ನಮ್ಮ ದೇಹೂ ರೋಡಿಗೆ ಹತ್ತಿರದಲ್ಲಿಯೇ ಸಂತ ತುಕಾರಾಮರ ದೇಹೂ ಇದೆ. ತುಕಾರಾಮರ ಅಭಂಗಗಳನ್ನು ಮರಾಠಿ ಮನೆಮನೆಗೆ ಮುಟ್ಟಿಸಿದ ಭೀಮಸೇನರ ಕಂಠಕ್ಕೆ ಸಂಸ್ಕಾರ ದೊರೆತದ್ದು ಕುಂದಗೋಳದಲ್ಲಿ. ಅದೇ ಕಂಠ ನಮ್ಮ ದಾಸರ ಪದಗಳನ್ನೂ ಹಾಡಿತು. ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳುಹಿಸಿ ಆರೇ ತಿಂಗಳಿಗೆ ವೇದಿಕೆ ಹತ್ತಿಸಲು ಆತುರಪಡುವ ನಾವು, ಕೆಲವೇ ರಾಗಗಳ ಮೇಲೆ ವರ್ಷಗಟ್ಟಲೆ ದುಡಿದ ಆ ಗುರುಶಿಷ್ಯರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಈ ಸಲ ಮಹೋತ್ಸವಕ್ಕೆ ಹೋಗುವಾಗ ಮಕ್ಕಳಿಗೆ ಕುಂದಗೋಳದ ಕಥೆಯನ್ನೂ ಹೇಳೋಣ.