ಕಾಲುವೆಯ ಲೆಕ್ಕ ಬರೆದ ನವಾಬರು

ಕೆಲವು ದಿನಗಳ ಹಿಂದೆ ನಮ್ಮ ರಾಯಚೂರಿನ ಸಿವಿಲ್ ಇಂಜಿನಿಯರ್ ಒಬ್ಬರು ತಮ್ಮ ವೃತ್ತಿಯವರ ಸಂಘದಲ್ಲಿ ಒಂದು ಪದವಿಗೆ ಸ್ಪರ್ಧಿಸಿದ್ದರು. ಅವರು ಮತದಾರರಿಗೆ ಕಳಿಸಿದ್ದ ಒಂದು ಪುಟದ ಪರಿಚಯ ಪತ್ರ ನನ್ನ ಕೈಗೂ ಬಂತು. ನಾವು ಬೀದಿಯಲ್ಲಿ ಕಾಣುವ ಚುನಾವಣೆಯ ಕರಪತ್ರಕ್ಕೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಭರವಸೆಗಳು ಎರಡೇ ಸಾಲು. ಉಳಿದದ್ದೆಲ್ಲ ಕಟ್ಟಿಸಿದ ಕೆಲಸ, ಮುಗಿದ ವರ್ಷ, ತಗುಲಿದ ಖರ್ಚು. ಯಾಕೆ ಹೀಗೆ ಎಂದು ಕೇಳಿದೆ. ಓದುವವರೆಲ್ಲ ಇಂಜಿನಿಯರುಗಳೇ, ಒಂದು ಅಂಕಿ ಹೆಚ್ಚು ಕಡಿಮೆಯಾದರೂ ಹಿಡಿದುಬಿಡುತ್ತಾರೆ ಎಂದು ನಕ್ಕರು.

ಆ ಮಾತು ಕೇಳಿದಾಗ ನನಗೆ ನೆನಪಾದವರು ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರ್. ಸೆಪ್ಟೆಂಬರ್ 15ರಂದು ನಾವೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಅದು ಸರಿಯೇ. ಆದರೆ ನೆರೆಯ ತೆಲಂಗಾಣದಲ್ಲಿ ಜುಲೈ 11ರಂದೂ ಇಂಜಿನಿಯರುಗಳ ದಿನ ಆಚರಿಸುತ್ತಾರೆ. ಅದು ಅಲಿ ನವಾಜ್ ಜಂಗ್ ಅವರ ಹುಟ್ಟುಹಬ್ಬ. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಅವರು ನಮ್ಮವರೂ ಹೌದು. ಮಾನ್ವಿಯಿಂದ ಬಸ್ಸಿನಲ್ಲಿ ಬರುವ ನಮ್ಮ ಗೆಳೆಯರು ದಿನವೂ ನೋಡುವ ಕಾಲುವೆ ನೀರಿನಲ್ಲಿ ಅವರ ಲೆಕ್ಕವೂ ಸೇರಿದೆ.

ಅವರ ಹುಟ್ಟು ಹೆಸರು ಮೀರ್ ಅಹ್ಮದ್ ಅಲಿ. ನವಾಬ್ ಎಂದ ಕೂಡಲೇ ಅರಮನೆ, ಆನೆ ಎಂದು ಊಹಿಸಬೇಡಿ. ನಿಜಾಮರ ಸರ್ಕಾರ ತನ್ನ ದೊಡ್ಡ ಅಧಿಕಾರಿಗಳಿಗೆ ಕೊಡುತ್ತಿದ್ದ ಬಿರುದು ಅದು. 1877ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರು ಅಲ್ಲಿಯ ಮದರಸಾ-ಎ-ಆಲಿಯಾ ಮತ್ತು ನಿಜಾಮ್ ಕಾಲೇಜಿನಲ್ಲಿ ಓದಿ, 1896ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದರು. ಸೇರಿದ್ದು ಕೂಪರ್ಸ್ ಹಿಲ್‌ನ ರಾಯಲ್ ಇಂಡಿಯನ್ ಇಂಜಿನಿಯರಿಂಗ್ ಕಾಲೇಜು. ಹೆಸರಿನಲ್ಲಿ ಇಂಡಿಯನ್ ಎಂದಿದ್ದರೂ ಅಲ್ಲಿ ಓದುತ್ತಿದ್ದವರು ಬಹುಪಾಲು ಬ್ರಿಟಿಷ್ ಹುಡುಗರು. ಭಾರತದ ಲೋಕೋಪಯೋಗಿ ಇಲಾಖೆಗೆ ದೊರೆಗಳನ್ನು ತಯಾರು ಮಾಡುವ ಕಾಲೇಜು ಅದು. ನಮ್ಮವರು ಬೆರಳೆಣಿಕೆಯಷ್ಟು. 1899ರಲ್ಲಿ ಓದು ಮುಗಿಸಿ ಬಂದು ಹೈದರಾಬಾದಿನ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವೇ ಮುಳುಗಿತು, ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರು ವಿಶ್ವೇಶ್ವರಯ್ಯನವರನ್ನು ಕರೆಸಿದರು. ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕು ಎಂದು ಅವರು ಯೋಜನೆ ಕೊಟ್ಟರು. 1918ರಲ್ಲಿ ಅಲಿ ನವಾಜ್ ಜಂಗ್ ಮುಖ್ಯ ಇಂಜಿನಿಯರ್ ಆದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಡುವೆ 1923ರಲ್ಲಿ ಮಂಜೀರಾ ನದಿಗೆ ನಿಜಾಮ್ ಸಾಗರದ ಕೆಲಸ ಶುರುವಾಗಿ 1931ರಲ್ಲಿ ಮುಗಿಯಿತು. ಎರಡೂವರೆ ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ನೀರುಣಿಸುವ ಯೋಜನೆ ಅದು. ಮುಳುಗಿದ ಹಳ್ಳಿಗಳೂ ಇದ್ದವು. ಇಂಜಿನಿಯರುಗಳನ್ನು ಹೊಗಳುವ ಬರಹಗಳಲ್ಲಿ ಆ ಹಳ್ಳಿಗಳು ಸಾಮಾನ್ಯವಾಗಿ ಎರಡನೆಯ ಸಲ ಮುಳುಗುತ್ತವೆ, ಅದಕ್ಕೇ ಇಲ್ಲಿ ಹೇಳಿದೆ.

ಇಲ್ಲಿಯವರೆಗಿನದು ಒಬ್ಬ ಸಮರ್ಥ ಅಧಿಕಾರಿಯ ಕಥೆ. ಅಧಿಕಾರ ರಾಜರು ಕೊಡಬಹುದು. ಅದೇ ಕೆಲಸ ಬಲ್ಲ ಬೇರೆ ಇಂಜಿನಿಯರುಗಳು ಒಬ್ಬನನ್ನು ತಮ್ಮ ಮುಂದಾಳು ಎಂದು ಒಪ್ಪುವುದು ಬೇರೆ ವಿಷಯ. ಆ ಕಾಲದಲ್ಲಿ ಅದು ಇನ್ನೂ ಕಷ್ಟವಿತ್ತು. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಎಂಬ ದೇಶದ ಇಂಜಿನಿಯರುಗಳ ಸಂಸ್ಥೆ ಹುಟ್ಟಿದ್ದೇ 1920ರಲ್ಲಿ, ಅದಕ್ಕೆ ರಾಯಲ್ ಚಾರ್ಟರ್ ಸಿಕ್ಕಿದ್ದು 1935ರಲ್ಲಿ. ಅಲ್ಲಿಯವರೆಗೆ ಯಾರು ದೊಡ್ಡ ಇಂಜಿನಿಯರ್ ಎಂಬ ಮುದ್ರೆ ಬೀಳುತ್ತಿದ್ದುದು ಲಂಡನ್ನಿನಲ್ಲಿ.

1929ರಲ್ಲಿ ಆ ಒಪ್ಪಿಗೆ ಬಂತು. ಸಿಂಧೂ ನದಿಗೆ ಸುಕ್ಕೂರಿನಲ್ಲಿ ಭಾರಿ ಬ್ಯಾರೇಜ್ ಕಟ್ಟಲಾಗುತ್ತಿತ್ತು. ಸಿಂಧ್ ಆಗ ಬೊಂಬಾಯಿ ಸರ್ಕಾರಕ್ಕೆ ಸೇರಿತ್ತು. ಆ ಕಾಮಗಾರಿಯನ್ನೂ ವೆಚ್ಚವನ್ನೂ ಪರಿಶೀಲಿಸಿ ವರದಿ ಕೊಡಲು ಬೊಂಬಾಯಿ ಸರ್ಕಾರ ಇಬ್ಬರು ಭಾರತೀಯರನ್ನು ಕರೆಯಿತು. ಒಬ್ಬರು ವಿಶ್ವೇಶ್ವರಯ್ಯ, ಇನ್ನೊಬ್ಬರು ಅಲಿ ನವಾಜ್ ಜಂಗ್. ಬ್ರಿಟಿಷ್ ಇಂಜಿನಿಯರುಗಳು ಹಾಕಿದ ಲೆಕ್ಕವನ್ನು ಇವರು ತಿದ್ದಿ ನೋಡುವುದು ಎಂದರೆ ಸಣ್ಣ ಮಾತಾಗಿರಲಿಲ್ಲ.

ಮುಂದೆ 1938ರಲ್ಲಿ ಸುಭಾಷ್‌ಚಂದ್ರ ಬೋಸ್ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ರಾಷ್ಟ್ರೀಯ ಯೋಜನಾ ಸಮಿತಿ ರಚನೆಯಾಯಿತು, ಜವಾಹರಲಾಲ್ ನೆಹರೂ ಅದರ ಅಧ್ಯಕ್ಷರು. ಸ್ವತಂತ್ರ ಭಾರತ ಹೇಗಿರಬೇಕು ಎಂದು ಯೋಚಿಸಲು 29 ಉಪಸಮಿತಿಗಳಾದವು. ನದಿ ನಿಯಂತ್ರಣ ಮತ್ತು ನೀರಾವರಿಯ ಉಪಸಮಿತಿಗೆ ಅಧ್ಯಕ್ಷರು ಯಾರು? ನಿಜಾಮರ ಸೇವೆಯಲ್ಲಿ ಬೆಳೆದ ಅಲಿ ನವಾಜ್ ಜಂಗ್! ರಾಜಕೀಯವಾಗಿ ಕಾಂಗ್ರೆಸ್ಸಿಗೂ ಹೈದರಾಬಾದ್ ದರ್ಬಾರಿಗೂ ಎಷ್ಟು ದೂರವಿತ್ತು ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ಆದರೂ ನದಿಯ ವಿಷಯ ಬಂದಾಗ ಅವರ ಹೆಸರೇ ಬಂತು.

ನಮಗೆ ಹತ್ತಿರದ ವಿಷಯ ತುಂಗಭದ್ರೆ. ನದಿಯ ಆ ಕಡೆ ಮದರಾಸ್ ಪ್ರಾಂತ್ಯದ ಬಳ್ಳಾರಿ, ಕರ್ನೂಲು. ಈ ಕಡೆ ಹೈದರಾಬಾದಿನ ರಾಯಚೂರು. ಅಣೆಕಟ್ಟಿನ ಮಾತು 1860ರಷ್ಟು ಹಿಂದೆಯೇ ಎದ್ದಿತ್ತು, ಆಗ ಯೋಚನೆ ಇದ್ದದ್ದು ಆ ದಡದ ಬರಪೀಡಿತ ಸೀಮೆಗೆ. ಈ ದಡಕ್ಕೆ ಎಷ್ಟು ನೀರು ಎಂಬ ಜಗಳ ದಶಕಗಳ ಕಾಲ ನಡೆಯಿತು. ಹೈದರಾಬಾದಿನ ಪರವಾಗಿ ಮಾತುಕತೆಗೆ ಕೂತವರಲ್ಲಿ ಅಲಿ ನವಾಜ್ ಜಂಗ್ ಪ್ರಮುಖರು. ಇಂಥ ಮೇಜಿನ ಮುಂದೆ ಕೂಗಾಡಿ ಪ್ರಯೋಜನವಿಲ್ಲ. ಎದುರಿಗಿರುವವರೂ ಇಂಜಿನಿಯರುಗಳು. ನದಿಯಲ್ಲಿ ವರ್ಷಕ್ಕೆ ಎಷ್ಟು ನೀರು ಹರಿಯುತ್ತದೆ, ಎಷ್ಟು ಆವಿಯಾಗುತ್ತದೆ, ಯಾವ ಮಣ್ಣಿಗೆ ಯಾವ ಬೆಳೆ, ಎಲ್ಲಕ್ಕೂ ಅಂಕಿ ಬೇಕು. ಕಡೆಗೆ 1944ರ ಜೂನ್‌ನಲ್ಲಿ ಒಪ್ಪಂದವಾಯಿತು. ಮದರಾಸಿಗೆ 65 ಟಿಎಂಸಿ, ಹೈದರಾಬಾದಿಗೂ 65 ಟಿಎಂಸಿ. ಸಮಪಾಲು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಗಣಿತ ಇಷ್ಟಪಡುವವರು ಲೀಟರಿಗೆ ಬದಲಿಸಿ ನೋಡಿ.

1945ರ ಫೆಬ್ರುವರಿ 28ರಂದು ಎರಡೂ ದಡಗಳಲ್ಲಿ ಅಡಿಗಲ್ಲು ಬಿತ್ತು. ಅಲಿ ನವಾಜ್ ಜಂಗ್ 1949ರ ಡಿಸೆಂಬರ್ 6ರಂದು ತೀರಿಕೊಂಡರು. ಆಗ ಅಣೆಕಟ್ಟು ಇನ್ನೂ ಅರ್ಧದಲ್ಲಿತ್ತು. ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಸುಮಾರು 227 ಕಿಲೋಮೀಟರ್ ಹರಿಯುವ ಎಡದಂಡೆ ಕಾಲುವೆ ಅದು. ದೇವದುರ್ಗದ ಹೊಲಗಳಿಗೆ ಬರುವುದು ಕೃಷ್ಣೆಯ ನೀರು, ನಾರಾಯಣಪುರದ ಬಲದಂಡೆ ಕಾಲುವೆಯಿಂದ. ಅದು ನಂತರದ ಕಾಲದ ಕೆಲಸ.

133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಮಾತ್ರ ಜಾಗವಿದೆ. ಮಾನ್ವಿ ಮತ್ತು ರಾಯಚೂರು ಕಾಲುವೆಯ ಕೊನೆಭಾಗದಲ್ಲಿವೆ. ಪೈರು ತೆನೆಗೆ ಬರುವ ಹೊತ್ತಿಗೆ ಇಲ್ಲಿಯ ರೈತರು ಗೇಜ್ ಎಷ್ಟಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರುತ್ತಾರೆ.