ಕತ್ತಲೆ ಕೋಣೆಯ ವಿದ್ವಾಂಸ ಇಬ್ನುಲ್ ಹೈಸಮ್

‘ಕ್ಯಾಮರಾ’ ಎಂಬುದು ಲ್ಯಾಟಿನ್ ಪದ. ಕೋಣೆ ಎಂದು ಅದರ ಅರ್ಥ. ಮೊದಲ ಕ್ಯಾಮರಾ ಕೈಯಲ್ಲಿ ಹಿಡಿಯುವ ಯಂತ್ರವಾಗಿರಲಿಲ್ಲ. ಸಣ್ಣ ರಂಧ್ರವಿದ್ದ ಒಂದು ಕತ್ತಲೆ ಕೋಣೆಯಾಗಿತ್ತು. ಅಂತಹ ಕತ್ತಲೆಯಲ್ಲಿ ಬೆಳಕನ್ನು ಪರೀಕ್ಷೆಗೊಡ್ಡಿದ ಮಹಾನ್ ವಿದ್ವಾಂಸರು ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್.

ಹಿಜರಿ 354, ಅಂದರೆ ಕ್ರಿ.ಶ. 965ರ ಸುಮಾರಿಗೆ ಇರಾಕಿನ ಬಸರಾದಲ್ಲಿ ಅವರ ಜನನ. ಗಣಿತ ಮತ್ತು ಖಗೋಳ ಶಾಸ್ತ್ರದಲ್ಲಿ ಅವರದು ಅಪಾರ ಪಾಂಡಿತ್ಯ. ಚರಿತ್ರೆಕಾರರು ಹೇಳುವಂತೆ, ನೈಲ್ ನದಿಯ ನೀರನ್ನು ಅಂಕೆಯಲ್ಲಿಡುವ ಉಪಾಯ ತಮ್ಮಲ್ಲಿದೆಯೆಂದು ಅವರು ಹೇಳಿದ್ದು ಈಜಿಪ್ಟಿನ ಫಾತಿಮೀ ಖಲೀಫ ಅಲ್ ಹಾಕಿಮ್‌ರ ಕಿವಿಗೆ ಬಿತ್ತು. ಖಲೀಫರು ಅವರನ್ನು ಕರೆಸಿ, ಆಳುಗಳನ್ನು ಕೊಟ್ಟು ಕಳುಹಿಸಿದರು. ದಾರಿಯುದ್ದಕ್ಕೂ ಪ್ರಾಚೀನರ ಭವ್ಯ ಕಟ್ಟಡಗಳನ್ನು ಕಂಡಾಗ ಅವರ ಮನಸ್ಸು ಅಳುಕಿತು. ಇಷ್ಟೆಲ್ಲ ಬಲ್ಲವರಿಗೆ ಸಾಧ್ಯವಿದ್ದರೆ ಅವರೇ ಮಾಡಿ ಮುಗಿಸುತ್ತಿರಲಿಲ್ಲವೇ? ಅಸ್ವಾನ್ ಸಮೀಪದ ಜಾಗವನ್ನು ನೋಡಿದ ಮೇಲೆ ಸಂಶಯ ಉಳಿಯಲಿಲ್ಲ. ಮರಳಿ ಬಂದು ತಮ್ಮ ಲೆಕ್ಕ ತಪ್ಪಾಯಿತೆಂದು ಒಪ್ಪಿಕೊಂಡರು.

ಖಲೀಫರು ಒಂದು ಹುದ್ದೆ ಕೊಟ್ಟರು. ಆದರೆ ಅವರ ಮುನಿಸು ಯಾರ ಮೇಲೆ ಯಾವಾಗ ಎರಗುವುದೆಂದು ಹೇಳುವಂತಿರಲಿಲ್ಲ. ಪ್ರಾಣಭಯದಿಂದ ಇಬ್ನುಲ್ ಹೈಸಮ್ ಹುಚ್ಚನಂತೆ ನಟಿಸಿದರು. 1021ರಲ್ಲಿ ಖಲೀಫರು ಕಣ್ಮರೆಯಾಗುವ ತನಕ ಮನೆಯೇ ಅವರಿಗೆ ಸೆರೆಮನೆಯಾಯಿತು.

ಏಳು ಭಾಗಗಳ ‘ಕಿತಾಬುಲ್ ಮನಾಝಿರ್’ ಅವರ ಮೇರುಕೃತಿ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂದು ಯೂಕ್ಲಿಡ್, ಟಾಲೆಮಿಯಂಥವರು ನಂಬಿದ್ದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ಇವರು ತೋರಿಸಿದರು. ಹಲವು ದೀಪಗಳನ್ನು ಸಾಲಾಗಿಟ್ಟು, ಒಂದೇ ರಂಧ್ರದ ಮೂಲಕ ಅವುಗಳ ಬೆಳಕನ್ನು ಕತ್ತಲೆಯೊಳಗೆ ಬಿಟ್ಟರು. ಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಮೂಡಿದವು. ಒಂದು ದೀಪವನ್ನು ಮರೆಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ! ಬೆಳಕುಗಳು ಒಂದೇ ದಾರಿಯಲ್ಲಿ ಹಾದರೂ ಬೆರೆತುಹೋಗುವುದಿಲ್ಲ ಎಂಬುದು ಹೀಗೆ ಸ್ಪಷ್ಟವಾಯಿತು. ಸೂರ್ಯಗ್ರಹಣದ ಬಿಂಬದ ಬಗ್ಗೆಯೂ ಒಂದು ಗ್ರಂಥ ಬರೆದರು. ರಂಧ್ರ ಚಿಕ್ಕದಾಗಿದ್ದರೆ ಬಿಂಬ ಬಾಲಚಂದ್ರನ ಆಕಾರದಲ್ಲಿರುತ್ತದೆ. ದೊಡ್ಡದಾದಂತೆ ಆಕಾರ ಕೆಡುತ್ತದೆ.

ಕ್ಯಾಮರಾ ಕಂಡುಹಿಡಿದವರು ಇವರೇ ಎಂದು ನಮ್ಮಲ್ಲಿ ಕೆಲವರು ಅಭಿಮಾನದಿಂದ ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ರಂಧ್ರದ ಬಿಂಬವನ್ನು ಚೀನಾ ಮತ್ತು ಗ್ರೀಸಿನವರು ಮೊದಲೇ ಗಮನಿಸಿದ್ದರು; ಬಿಂಬವನ್ನು ಶಾಶ್ವತವಾಗಿ ಉಳಿಸುವ ವಿದ್ಯೆ ಬಂದದ್ದು 1820ರ ದಶಕದಲ್ಲಿ, ಫ್ರಾನ್ಸಿನ ನಿಯೆಪ್ಸ್‌ರಿಂದ. ಪ್ರಯೋಗ ಮತ್ತು ಗಣಿತದಿಂದ ಬೆಳಕಿನ ನಡೆಯನ್ನು ವಿವರಿಸಿದ್ದೇ ಇಬ್ನುಲ್ ಹೈಸಮ್‌ರ ನಿಜವಾದ ಹಿರಿಮೆ. ಟಾಲೆಮಿಯ ತಪ್ಪುಗಳನ್ನೇ ಪಟ್ಟಿಮಾಡಿ ಗ್ರಂಥ ಬರೆದ ಅವರಿಗೆ ಸುಳ್ಳು ಹೊಗಳಿಕೆ ಹಿಡಿಸೀತೇ?

ಕೊನೆಗಾಲದಲ್ಲಿ ಅಲ್ ಅಝ್‌ಹರ್ ಮಸೀದಿಯ ಸಮೀಪ ನೆಲೆಸಿ, ಗ್ರಂಥಗಳನ್ನು ನಕಲು ಮಾಡಿ ಹೊಟ್ಟೆ ಹೊರೆದರು. 1040ರ ಸುಮಾರಿಗೆ ಕೈರೋದಲ್ಲಿ ನಿಧನರಾದರು. ಅವರ ಕೃತಿ ಲ್ಯಾಟಿನ್‌ಗೆ ಅನುವಾದಗೊಂಡು 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಕೆಪ್ಲರ್‌ರಂಥವರು ಆ ದಾರಿಯಲ್ಲಿ ಮುಂದೆ ನಡೆದರು.

ಇಂದಿಗೂ ಹವ್ಯಾಸಿಗಳು ತಗಡಿನ ಡಬ್ಬಿಗೆ ಸೂಜಿಯಿಂದ ತೂತು ಕೊರೆದು, ಮಸೂರವಿಲ್ಲದೆ ಫೋಟೋ ತೆಗೆಯುತ್ತಾರೆ. ನೀವೂ ಒಂದು ಮಧ್ಯಾಹ್ನ ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಕಿಟಕಿಗೆ ತೂತಿರುವ ರಟ್ಟು ಕಟ್ಟಿ. ಹೊರಗಿನ ಬೀದಿ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಮಕ್ಕಳಿಗೆ ತೋರಿಸಿ. ಜೊತೆಗೆ, ತನ್ನ ಲೆಕ್ಕ ತಪ್ಪಿತೆಂದು ಖಲೀಫರ ಮುಂದೆ ಒಪ್ಪಿಕೊಂಡ ಆ ವಿದ್ವಾಂಸರ ಕಥೆಯನ್ನೂ ಹೇಳಿ. ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ.